ಕಪ್ಪು ಕಿಟಕಿಯ ಬಣ್ಣಗಳು (ಕಂಪ್ಯೂಟರ್ ಪಾಠ)



ಈ ಸಲದ ಗೋಡೆ ಪತ್ರಿಕೆಗೆ ನಾನು ಟರ್ಮಿನಲ್ಲಿನ ಬಣ್ಣಗಳ ಬಗ್ಗೆ ಬರೆಯುತ್ತಿದ್ದೇನೆ. ಟರ್ಮಿನಲ್ ಎಂದರೆ ನಮ್ಮ ಲ್ಯಾಬಿನ ಲಿನಕ್ಸ್ ಕಂಪ್ಯೂಟರಿನಲ್ಲಿ ತೆರೆದುಕೊಳ್ಳುವ ಆ ಕಪ್ಪು ಕಿಟಕಿ. ಬಣ್ಣದಲ್ಲೇನು ಪಾಠ ಅಂತ ನಗಬೇಡಿ. ಪೂರ್ತಿ ಓದಿ.

ಹೋದ ತಿಂಗಳು ಸರ್ ನಮ್ಮಿಂದ ಹತ್ತು ಪೈಥಾನ್ ಲೆಕ್ಕ ಮಾಡಿಸಿದರು. ಉತ್ತರ ಪರೀಕ್ಷಿಸಲು ಒಂದು ಪ್ರೋಗ್ರಾಮನ್ನು ತಾವೇ ಬರೆದಿಟ್ಟಿದ್ದರು. ಉತ್ತರ ಸರಿಯಿದ್ದರೆ ಆ ಸಾಲು ಹಸಿರು, ತಪ್ಪಿದ್ದರೆ ಕೆಂಪು. ನಾನು ನೋಡಿ, "ಎಲ್ಲಾ ಸರಿ ಅದಾವ್ರಿ ಸರ್" ಅಂದೆ. ಸರ್ ಬಂದು ನೋಡಿದರೆ ನಾಲ್ಕು ತಪ್ಪು! "ಕೆಂಪು ಕಾಣಂಗಿಲ್ಲೇನೋ ನಿನಗ?" ಅಂದರು. ಹುಡುಗರೆಲ್ಲ ನಕ್ಕರು. ನನಗೆ ಮಾತ್ರ ಹತ್ತೂ ಸಾಲು ಒಂದೇ ಥರ ಮಣ್ಣಿನ ಬಣ್ಣ ಕಂಡಿತ್ತು.

ಮೆಣಸಿನಕಾಯಿ ಬಿಡಿಸುವಾಗ ಹಣ್ಣಿನ ಜೊತೆ ಹಸಿರು ಕಾಯಿ ಕಿತ್ತು ಅವ್ವನಿಂದ ಎಷ್ಟೋ ಸಲ ಬೈಸಿಕೊಂಡಿದ್ದೆ. "ಲಕ್ಷ್ಯ ಇಲ್ಲ ಇವಗ" ಅನ್ನುತ್ತಿದ್ದಳು. ನಾನೂ ಹಾಗೇ ನಂಬಿದ್ದೆ. ಶಾಲೆ ಬಿಟ್ಟ ಮೇಲೆ ಸರ್ ನನ್ನನ್ನು ಒಬ್ಬನೇ ಕರೆದು ಒಂದಷ್ಟು ಬಣ್ಣ ತೋರಿಸಿ ಕೇಳಿದರು. ಆಮೇಲೆ ಬಹಳ ಹೊತ್ತು ಸುಮ್ಮನಿದ್ದು, "ತಮ್ಮಾ, ಇದು ನಿನ್ನ ತಪ್ಪಲ್ಲ. ಕಣ್ಣಿನ ಡಾಕ್ಟರಿಗೆ ತೋರಸೋಣು" ಅಂದರು. ಡಾಕ್ಟರು ಚುಕ್ಕೆ ಚುಕ್ಕೆ ಚಿತ್ರಗಳ ಪುಸ್ತಕ ತೋರಿಸಿದರು. ಅದರಲ್ಲಿ ಅಡಗಿದ್ದ ಅಂಕಿ ನನಗೆ ಕಾಣಲೇ ಇಲ್ಲ. ನನಗಿರುವುದು ಕೆಂಪು-ಹಸಿರು ವರ್ಣಾಂಧತೆ. ಹುಟ್ಟಿನಿಂದ ಬಂದದ್ದು. ಗಂಡುಮಕ್ಕಳಲ್ಲಿ ಹೆಚ್ಚು.

ಪರಮಾಣು ಪಾಠದಲ್ಲಿ ಬರುವ ಜಾನ್ ಡಾಲ್ಟನ್‌ಗೂ ಹೀಗೇ ಇತ್ತು. 1794ರಲ್ಲಿ ಆತ ಮ್ಯಾಂಚೆಸ್ಟರಿನಲ್ಲಿ ತನ್ನ ಕಣ್ಣಿನ ಈ ಕೊರತೆಯ ಬಗ್ಗೆಯೇ ಪ್ರಬಂಧ ಓದಿದ. ಅವನು ಸತ್ತ ಮೇಲೂ ಕಾಯ್ದಿಟ್ಟಿದ್ದ ಕಣ್ಣಿನ ಡಿಎನ್‌ಎ ಪರೀಕ್ಷೆ 1995ರಲ್ಲಿ ನಡೆದು, ಅವನಿಗೆ ವರ್ಣಾಂಧತೆ ಇದ್ದದ್ದು ನಿಜವೆಂದು ತಿಳಿಯಿತು. ಇದನ್ನು ಓದಿದ ದಿನ ನನಗೆ ಧೈರ್ಯ ಬಂತು. ಸರಿ, ಈಗ ಪಾಠ.

1. ಬಣ್ಣ ಬರುವುದು ಎಲ್ಲಿಂದ?

ನಾವು ಬರೆದ ಪ್ರೋಗ್ರಾಮಿನ ಕಡತದಲ್ಲಿ ಬಣ್ಣ ಇರುವುದಿಲ್ಲ, ಬರೀ ಅಕ್ಷರ. ವಿಮ್‌ನಂಥ ಎಡಿಟರು ಅದನ್ನು ಓದಿ, ಇದು ಭಾಷೆಯ ಆಜ್ಞಾಪದ, ಇದು ಉದ್ಧರಣ ಚಿಹ್ನೆಯೊಳಗಿನ ಪಠ್ಯ, ಇದು ಟಿಪ್ಪಣಿ, ಇದು ಅಂಕಿ ಎಂದು ವಿಂಗಡಿಸುತ್ತದೆ. ವ್ಯಾಕರಣ ಪಾಠದಲ್ಲಿ ನಾವು ನಾಮಪದ, ಕ್ರಿಯಾಪದ ಗುರುತಿಸುತ್ತೇವಲ್ಲ, ಹಾಗೆ. ಯಾವ ವರ್ಗಕ್ಕೆ ಯಾವ ಬಣ್ಣ ಎಂಬ ಪಟ್ಟಿಯೇ ಥೀಮು.

2. ಟರ್ಮಿನಲ್‌ಗೆ ಬಣ್ಣ ಹೇಳುವುದು ಹೇಗೆ?

ಅಕ್ಷರಗಳ ನಡುವೆ ಒಂದು ಗುಪ್ತ ಸಂಕೇತ ಕಳಿಸಬೇಕು. ಮೊದಲು ಎಸ್ಕೇಪ್ ಎಂಬ ಕಾಣದ ಅಕ್ಷರ, ಆಮೇಲೆ ಚೌಕ ಆವರಣ, ಆಮೇಲೆ ಅಂಕಿ, ಕೊನೆಗೆ ಎಮ್ ಅಕ್ಷರ. 31 ಎಂದರೆ ಕೆಂಪು, 32 ಹಸಿರು, 33 ಹಳದಿ, 34 ನೀಲಿ. 0 ಕಳಿಸಿದರೆ ಮೊದಲಿನ ಸ್ಥಿತಿ. 1 ದಪ್ಪ ಅಕ್ಷರ, 4 ಅಡಿಗೆರೆ.

ಮುಖ್ಯ ಮಾತು ಇಲ್ಲಿದೆ. 31 ಎಂದರೆ ಅಸಲಿಗೆ "1ನೇ ಡಬ್ಬಿಯ ಬಣ್ಣ ಹಚ್ಚು" ಎಂದಷ್ಟೇ ಅರ್ಥ. ಆ ಡಬ್ಬಿಯೊಳಗೆ ಯಾವ ಬಣ್ಣ ಇರಬೇಕೆಂಬುದು ಟರ್ಮಿನಲ್ಲಿನ ಸೆಟ್ಟಿಂಗಿನಲ್ಲಿದೆ. ಇಂಥ ಡಬ್ಬಿಗಳು 16, ಅಂದರೆ 8 ಮತ್ತು ಅವುಗಳ ಹೊಳಪಿನ ರೂಪ 8. ಇನ್ನೊಂದು ಪದ್ಧತಿಯಲ್ಲಿ 256 ಬಣ್ಣ. ಮೂರನೆಯದರಲ್ಲಿ ಡಬ್ಬಿಯೇ ಇಲ್ಲ. ಕೆಂಪು, ಹಸಿರು, ನೀಲಿ ಒಂದೊಂದೂ 0ಯಿಂದ 255ರವರೆಗೆ ಎಷ್ಟೆಂದು ನೇರವಾಗಿ ಹೇಳುವುದು. 256 × 256 × 256 ಲೆಕ್ಕ ಮಾಡಿ, 1,67,77,216 ಬಣ್ಣ!

3. ನಾವು ಮಾಡಿದ್ದು

ಟರ್ಮಿನಲ್ಲಿನ ಸೆಟ್ಟಿಂಗಿನಲ್ಲಿ 1ನೇ ಡಬ್ಬಿಗೆ ಕಿತ್ತಳೆ, 2ನೇ ಡಬ್ಬಿಗೆ ತಿಳಿನೀಲಿ ಹಾಕಿದೆವು. ನನ್ನಂಥವರಿಗೆ ಈ ಎರಡು ಚೆನ್ನಾಗಿ ಬೇರೆ ಕಾಣುತ್ತವೆ. ಸರ್ ಪ್ರೋಗ್ರಾಮಿನ ಒಂದಕ್ಷರ ಮುಟ್ಟಲಿಲ್ಲ, ಆದರೂ ನಾಲ್ಕು ತಪ್ಪು ಎದ್ದು ಕಂಡವು!

ಆದರೆ ವಿಮ್ ತೆರೆದರೆ ಅಲ್ಲಿ ಏನೂ ಬದಲಾಗಿರಲಿಲ್ಲ. ಯಾಕೆ? ಅಲ್ಲಿನ ಥೀಮು ಮೂರನೇ ಪದ್ಧತಿಯದು. ಡಬ್ಬಿ ಕೇಳುವುದೇ ಇಲ್ಲ, ಬಣ್ಣ ತಾನೇ ತರುತ್ತದೆ. ಆ ಪದ್ಧತಿ ನಿಲ್ಲಿಸಿ, ವಿಮ್‌ನ ಸೆಟ್ಟಿಂಗ್ ಕಡತದಲ್ಲಿ ಟಿಪ್ಪಣಿಗೆ 6ನೇ ಡಬ್ಬಿ, ಉದ್ಧರಣೆಗೆ 3ನೇ ಡಬ್ಬಿ, ಆಜ್ಞಾಪದಕ್ಕೆ ದಪ್ಪ ಅಕ್ಷರ ಎಂದು ಬರೆದೆವು. ಈ ಸಾಲುಗಳು ಥೀಮಿನ ಸಾಲಿನ ಕೆಳಗೇ ಇರಬೇಕು. ಮೇಲೆ ಬರೆದರೆ ಆಮೇಲೆ ಬರುವ ಥೀಮು ಅಳಿಸಿಹಾಕುತ್ತದೆ. ನಾವು ಮೊದಲು ಮೇಲೆ ಬರೆದು ಒಂದು ಪೀರಿಯಡ್ ಕಳೆದೆವು.

4. ಎಲ್ಲರಿಗೂ ಬೇಕಾದ ಮಾತು

ಕಣ್ಣು ಸರಿಯಿದ್ದವರಿಗೂ ಕಪ್ಪು ಹಿನ್ನೆಲೆಯ ಮೇಲೆ ಗಾಢ ನೀಲಿ ಕಾಣುವುದು ಕಷ್ಟ. ಎರಡು ಬಣ್ಣಗಳ ಬೆಳಕಿನ ಅಂತರಕ್ಕೆ ಒಂದು ಅಳತೆ ಇದೆ. ಕಪ್ಪಿನ ಮೇಲೆ ಬಿಳಿಗೆ 21, ಕಪ್ಪಿನ ಮೇಲೆ ಶುದ್ಧ ನೀಲಿಗೆ ಬರೀ 2.44, ಬಿಳಿಯ ಮೇಲೆ ಹಳದಿಗೆ 1.07. ವೆಬ್ ಪುಟಗಳ ನಿಯಮದಂತೆ ಸಾಮಾನ್ಯ ಅಕ್ಷರಕ್ಕೆ ಕನಿಷ್ಠ 4.5 ಬೇಕು. ಆದ್ದರಿಂದ ಹಿನ್ನೆಲೆ ಬದಲಿಸಿದರೆ ಥೀಮನ್ನೂ ಬದಲಿಸಿ. ಕಪ್ಪಿಗೆ ಒಪ್ಪಿದ್ದು ಬಿಳಿಗೆ ಒಪ್ಪುವುದಿಲ್ಲ.

ಕಡೆಗೆ ಸರ್ ತಮ್ಮ ಪ್ರೋಗ್ರಾಮನ್ನೂ ತಿದ್ದಿದರು. ಈಗ ಬಣ್ಣದ ಜೊತೆ ಪ್ರತಿ ಸಾಲಿನ ಮೊದಲು "ಸರಿ" ಅಥವಾ "ತಪ್ಪು" ಎಂದು ಬರುತ್ತದೆ. "ಇದನ್ನ ನಾ ಮೊದಲ ಮಾಡಬೇಕಿತ್ತು" ಅಂದರು. ಎಲ್ಲರೆದುರಿಗೇ ಅಂದರು. ನನಗೆ ತಿಳಿದದ್ದು ಇಷ್ಟು: ಬಣ್ಣ ಸಹಾಯಕ್ಕಿರಲಿ, ಆದರೆ ಅರ್ಥವನ್ನೆಲ್ಲ ಬಣ್ಣದ ಮೇಲೇ ಹೊರಿಸಬಾರದು.

ಅವ್ವ ಈಗ ಬೈಯುವುದಿಲ್ಲ. ಹಣ್ಣಾದ ಕಾಯನ್ನು ಕೈಯಿಂದ ಮುಟ್ಟಿ ಗುರುತಿಸಲು ಕಲಿಸುತ್ತಿದ್ದಾಳೆ.

ಅಭ್ಯಾಸ: (ಅ) ಥೀಮು ಬದಲಿಸದೆ ಬಣ್ಣ ಬದಲಿಸುವುದು ಹೇಗೆ? (ಆ) 31ರ ಸಂಕೇತ ಕಳಿಸಿ 0 ಕಳಿಸಲು ಮರೆತರೆ ಏನಾಗುತ್ತದೆ? ಲ್ಯಾಬಿನಲ್ಲಿ ಮಾಡಿ ನೋಡಿ. (ಇ) ನಿಮ್ಮ ಬೆಂಚಿನವರಿಗೆ ಕೆಂಪು, ಹಸಿರು ಬೇರೆ ಬೇರೆ ಕಾಣುತ್ತವೆಯೇ? ಕೇಳಿ, ಆದರೆ ನಗಬೇಡಿ.

ತಪ್ಪಿದ್ದರೆ ತಿದ್ದಿ ಹೇಳಿರಿ.

– ನಿಮ್ಮ ಸಹಪಾಠಿ, 9ನೇ ತರಗತಿ