ಉರಿಯ ಬಾಗಿಲು: ಮೆಣಸಿನಕಾಯಿಯೂ ನೋವಿನ ಸಂಶೋಧನೆಯೂ

ಕನ್ನಡದಲ್ಲಿ ‘ಉರಿ’ ಎಂಬುದು ಎರಡಕ್ಷರದ ಚಿಕ್ಕ ಪದ. ಅದರ ಅರ್ಥವ್ಯಾಪ್ತಿ ಮಾತ್ರ ಹಿರಿದು. ಒಲೆಯ ಬೆಂಕಿಯೂ ಉರಿಯುತ್ತದೆ. ಮೆಣಸಿನಕಾಯಿ ಕಡಿದ ನಾಲಗೆಯೂ ಉರಿಯುತ್ತದೆ. ಮಧುಮೇಹದಿಂದ ಬಳಲುವವರ ಅಂಗಾಲೂ ಉರಿಯುತ್ತದೆ. ಈ ಮೂರಕ್ಕೂ ಒಂದೇ ಹೆಸರನ್ನಿತ್ತದ್ದು ಜನಸಾಮಾನ್ಯರ ಅನುಭವ. ಇವುಗಳ ನಡುವಣ ನಂಟನ್ನು ಪ್ರಯೋಗದಿಂದ ತೋರಿಸಿಕೊಟ್ಟದ್ದು ಇತ್ತೀಚಿನ ವೈದ್ಯವಿಜ್ಞಾನ.

ಅಗಡಿಯ ಸೀಮೆಗೆ ಈ ವಿಷಯ ದೂರದ್ದಲ್ಲ. ನೆರೆಯ ಬ್ಯಾಡಗಿಯ ಮೆಣಸಿನಕಾಯಿ 2011ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ಪಡೆದಿದೆ. ಅದು ಬಣ್ಣಕ್ಕೆ ಹೆಸರಾದುದು; ಖಾರ ಕಡಿಮೆ. ಆದರೂ ದಿನವಿಡೀ ತೊಟ್ಟು ಬಿಡಿಸುವ ಹೆಣ್ಣುಮಕ್ಕಳ ಕೈ ಸಂಜೆಯ ಹೊತ್ತಿಗೆ ಉರಿಯದೆ ಇರದು. ಖಾರದ ಸತ್ವ ಎಣ್ಣೆಯಲ್ಲಿ ಕರಗುವಂತೆ ನೀರಿನಲ್ಲಿ ಕರಗದಾದ್ದರಿಂದ, ಬರಿಯ ನೀರಿನಿಂದ ತೊಳೆದರೂ ಅದು ಸುಲಭವಾಗಿ ಹೋಗದು. ಬೆಂಕಿಯನ್ನು ಮುಟ್ಟದ ಕೈ ಬೆಂದಂತೆ ಉರಿಯುವುದೇಕೆ?

ಈ ಸತ್ವಕ್ಕೆ 1876ರಲ್ಲಿ ‘ಕ್ಯಾಪ್ಸೈಸಿನ್’ ಎಂಬ ಹೆಸರಾಯಿತು. ಆದರೆ ಮೇಲಿನ ಪ್ರಶ್ನೆಗೆ ಉತ್ತರ ದೊರೆತದ್ದು 1997ರಲ್ಲಿ. ಅಮೆರಿಕೆಯ ಡೇವಿಡ್ ಜೂಲಿಯಸ್ ಮತ್ತು ಅವರ ಸಂಗಡಿಗರು ನೋವನ್ನು ಅರಿಯುವ ನರಕೋಶಗಳ ಜೀನುಗಳನ್ನು, ಖಾರವನ್ನೇ ಅರಿಯದ ಬೇರೆ ಕೋಶಗಳಲ್ಲಿ ಸೇರಿಸುತ್ತ ಪರೀಕ್ಷಿಸಿದರು. ಒಂದು ಜೀನನ್ನು ಪಡೆದ ಕೋಶಗಳು ಮಾತ್ರ ಖಾರಕ್ಕೆ ಸ್ಪಂದಿಸಿದವು. ಆ ಜೀನು ನಿರ್ಮಿಸುವ ಪ್ರೋಟೀನು ನರತುದಿಯಲ್ಲಿ ಬಾಗಿಲಿನಂತಿದೆ. ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದ ಶಾಖಕ್ಕೂ ತೆರೆಯುವುದು ಇದೇ ಬಾಗಿಲು! ಬೆಂಕಿಗೂ ಖಾರಕ್ಕೂ ಒಂದೇ ಪದ ಬಳಸಿದ ನುಡಿ ತಪ್ಪಿರಲಿಲ್ಲ. ಈ ಶೋಧಕ್ಕಾಗಿ ಜೂಲಿಯಸ್ ಅವರು, ಸ್ಪರ್ಶದ ಅರಿವನ್ನು ಶೋಧಿಸಿದ ಆರ್ಡೆಮ್ ಪಟಾಪೂಟಿಯನ್ ಅವರೊಂದಿಗೆ, 2021ರ ನೊಬೆಲ್ ಪಾರಿತೋಷಕಕ್ಕೆ ಪಾತ್ರರಾದರು.

ಅತಿಯಾಗಿ ಕೆರಳಿದ ನರತುದಿ ಕೆಲಕಾಲ ಮಂಕಾಗುತ್ತದೆ. ಈ ತತ್ತ್ವವನ್ನು ಆಧರಿಸಿ, ನೂರಕ್ಕೆ 8ರ ಪ್ರಮಾಣದಲ್ಲಿ ಕ್ಯಾಪ್ಸೈಸಿನ್ ಸೇರಿಸಿದ ಔಷಧಪಟ್ಟಿ ಸಿದ್ಧವಾಯಿತು. ಸರ್ಪಸುತ್ತು ಮಾಸಿದ ಮೇಲೂ ಉಳಿಯುವ ನರನೋವಿಗೆ 2009ರಲ್ಲಿಯೂ, ಮಧುಮೇಹಿಗಳ ಪಾದದ ನರನೋವಿಗೆ 2020ರಲ್ಲಿಯೂ ಅಮೆರಿಕೆಯಲ್ಲಿ ಇದಕ್ಕೆ ಅನುಮತಿ ದೊರೆಯಿತು. ಇದನ್ನು ವೈದ್ಯರ ಮೇಲ್ವಿಚಾರಣೆಯಲ್ಲಿಯೇ ಅಂಟಿಸತಕ್ಕದ್ದು. ಇನ್ನು ಆ ಬಾಗಿಲನ್ನೇ ಮುಚ್ಚುವ ಔಷಧಗಳನ್ನು ಪ್ರಯೋಗಿಸಿದಾಗ ಕೆಲವರ ಮೈ ಬಿಸಿಯೇರಿತು. ಸುಡುವ ಶಾಖದ ಅರಿವು ಕುಂದಿತು. ನೋವು ಶತ್ರುವಷ್ಟೇ ಅಲ್ಲ, ದೇಹದ ಕಾವಲುಗಾರನೂ ಹೌದೆಂಬುದು ಇದರಿಂದ ವೇದ್ಯವಾಯಿತು.

ಉಳಿದ ಶಾಖೆಗಳ ಸಂಶೋಧನೆಯೂ ಗಮನಾರ್ಹ. ಜಠರದ ಹುಣ್ಣಿಗೆ ಖಾರವೇ ಕಾರಣವೆಂಬ ನಂಬಿಕೆ ಬಹುಕಾಲ ನಡೆದು ಬಂದಿತ್ತು. ಒಂದು ಬ್ಯಾಕ್ಟೀರಿಯಾ ಅದರ ಮುಖ್ಯ ಕಾರಣವೆಂದು ತೋರಿಸಿದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಅವರಿಗೆ 2005ರಲ್ಲಿ ನೊಬೆಲ್ ಸಂದಿತು. ಇಟಲಿಯಲ್ಲಿ 22 ಸಾವಿರಕ್ಕೂ ಮಿಕ್ಕ ಜನರನ್ನು ಅಭ್ಯಸಿಸಿ 2019ರಲ್ಲಿ ಪ್ರಕಟಿಸಿದ ವರದಿಯಂತೆ, ಮೆಣಸಿನಕಾಯಿಯನ್ನು ಆಗಾಗ ಉಣ್ಣುವವರಲ್ಲಿ ಹೃದ್ರೋಗದ ಮರಣ ಕಡಿಮೆ. ಆದರೆ ಎರಡು ಸಂಗತಿಗಳು ಜೊತೆಗೆ ಕಂಡವೆಂದ ಮಾತ್ರಕ್ಕೆ ಒಂದು ಮತ್ತೊಂದಕ್ಕೆ ಕಾರಣವಾಗದು. ಆದ್ದರಿಂದ ಈ ವರದಿಯನ್ನು ನೆಚ್ಚಿ ಹೃದ್ರೋಗದ ಮಾತ್ರೆಯನ್ನು ಬಿಡುವುದು ಅವಿವೇಕ.

ಈ ವಿವೇಕ ಪ್ರಾಣವನ್ನೂ ಉಳಿಸಬಲ್ಲುದು. ನಾಯಿ ಕಡಿದ ಗಾಯಕ್ಕೆ ಖಾರದ ಪುಡಿ ಹಚ್ಚುವ ರೂಢಿ ಹಲವೆಡೆ ಉಂಟು. ಅದು ಗಾಯವನ್ನು ಕೆರಳಿಸುತ್ತದೆಯೇ ಹೊರತು ರೇಬೀಸನ್ನು ತಡೆಯದು. ಲಕ್ಷಣ ತೋರಿದ ಮೇಲೆ ಆ ರೋಗದಿಂದ ಬದುಕುವುದು ಅತಿವಿರಳ. ಗಾಯವನ್ನು ಸಾಬೂನು ಮತ್ತು ನೀರಿನಿಂದ 15 ನಿಮಿಷ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಿ ಲಸಿಕೆ ಪಡೆಯುವುದೇ ಸರಿಯಾದ ದಾರಿ.

ಕಾಯಕದಲ್ಲಿ ತೊಡಗಿದ ಕೈಯ ಉರಿಯೊಳಗೇ ನೊಬೆಲ್‌ಗೆ ಅರ್ಹವಾದ ಪ್ರಶ್ನೆ ಅಡಗಿತ್ತು. ‘ಏಕೆ?’ ಎಂದು ಕೇಳುವ ಮಗುವನ್ನು ಗದರಿಸದೆ, ದೊರೆತ ಉತ್ತರವನ್ನು ಒರೆಗೆ ಹಚ್ಚಲು ಕಲಿಸುವ ಶಾಲೆಯೇ ಧನ್ಯ; ಅಂಥ ಶಾಲೆಗೆ ನೀಡಿದ ದಾನವೇ ಸಾರ್ಥಕ.