ಮೇಘವು ಏಳುವ ತನಕ

ಪಾಠಭಾಗ: ಅರಣ್ಯಕಾಂಡ 9:15–23.
ಇದರ ಸಂಗಡ ಓದತಕ್ಕವುಗಳು: ವಿಮೋಚನಕಾಂಡ 24:15–18; 32:1–6; 1 ಸಮುವೇಲ 13:8–14; ಅಪೊಸ್ತಲರ ಕೃತ್ಯಗಳು 27:9–44.



ದೇಸೂರಿನವರಿಗೂ ಯಳ್ಳೂರಿನವರಿಗೂ ಖಾನಾಪುರ ಸೀಮೆಯ ಹಳ್ಳಿಗಳವರಿಗೂ ದಶಂಬರ ಜನವರಿ ತಿಂಗಳುಗಳ ಮಂಜು ಹೊಸ ಸಂಗತಿಯಲ್ಲ. ಭತ್ತದ ಕೊಯಿಲು ತೀರಿ ಬಣವೆಗಳು ಎದ್ದ ಮೇಲೆ, ಕೆಲವು ದಿನ ಮುಂಜಾನೆ ಬಾಗಿಲು ತೆರೆದರೆ ಎದುರಿನ ಮನೆಯೇ ಕಾಣುವದಿಲ್ಲ. ಯಳ್ಳೂರಿನ ಗಡವು, ಅಂದರೆ ರಾಜಹಂಸಗಡವು, ರಾತ್ರಿಯಲ್ಲಿ ಯಾರೋ ಎತ್ತಿಕೊಂಡು ಹೋದರೋ ಎಂಬಂತೆ ಕಣ್ಮರೆಯಾಗುವದು. ಕ್ರಿಸ್ತಜಯಂತಿಯ ದಿವಸಗಳಲ್ಲಿ ಯೌವನಸ್ಥರು ಬುತ್ತಿ ಕಟ್ಟಿಕೊಂಡು ಇಂಥ ಗುಡ್ಡಗಳನ್ನು ಹತ್ತಿ, ಮೇಲೆ ಪ್ರಾರ್ಥನೆಮಾಡಿ ಬರುವದುಂಟು. ಅರ್ಧ ಹಾದಿಯಲ್ಲಿ ಮಂಜು ಕವಿದರೆ ಅವರಲ್ಲಿ ಎರಡು ಪಕ್ಷಗಳಾಗುವವು. ಹಾದಿ ತಿಳಿದದ್ದೇ ಇದೆ, ನಡೆಯೋಣ ಎಂದು ಕೆಲವರು. ತುಸು ಕೂತು ನೋಡೋಣ ಎಂದು ಕೆಲವರು. ಈ ವಾದವು ಗುಡ್ಡದಲ್ಲಿ ಮಾತ್ರವಲ್ಲ, ನಮ್ಮ ಮನೆಗಳಲ್ಲಿಯೂ ಸಭೆಗಳಲ್ಲಿಯೂ ದಿನಾಲು ನಡೆಯುತ್ತದೆ. ಆದಕಾರಣ ಅದನ್ನೇ ಈ ತಿಂಗಳ ಪಾಠಕ್ಕೆ ತೆಗೆದುಕೊಂಡಿದ್ದೇವೆ.

1. ಮಂಜು ಹೇಗೆ ಬರುತ್ತದೆ, ಹೇಗೆ ಹೋಗುತ್ತದೆ

ಮೋಡವಿಲ್ಲದ ಚಳಿಗಾಲದ ರಾತ್ರಿಯಲ್ಲಿ ನೆಲವು ಹಗಲಿನ ಕಾವನ್ನು ಬಿಟ್ಟು ತಣ್ಣಗಾಗುವದು. ಅದಕ್ಕೆ ತಾಕಿದ ಗಾಳಿಯೂ ತಣ್ಣಗಾಗಿ, ಅದರಲ್ಲಿರುವ ನೀರಿನ ಆವಿಯು ಅತಿ ಸಣ್ಣ ಹನಿಗಳಾಗಿ ತೇಲುವದು. ಇದೇ ಮಂಜು. ತಣ್ಣನೆಯ ಗಾಳಿಯು ಭಾರವಾದದ್ದರಿಂದ ಕೆರೆಯ ದಂಡೆಯಲ್ಲಿಯೂ ತಗ್ಗಿನ ಗದ್ದೆಗಳಲ್ಲಿಯೂ ಅದು ಹೆಚ್ಚಾಗಿ ನಿಲ್ಲುವದು. ಹೊತ್ತು ಏರಿದ ಹಾಗೆ ಸೂರ್ಯನ ಕಾವು ನೆಲಕ್ಕೆ ಮುಟ್ಟಿ, ಗಾಳಿಯು ಬೆಚ್ಚಗಾಗಿ, ಹನಿಗಳು ತಿರಿಗಿ ಆವಿಯಾಗುವವು. ಕೆಲವು ಸಾರಿ ಮಂಜು ಒಮ್ಮೆಗೇ ಕರಗದೆ ಮೇಲಕ್ಕೆ ಏಳುವದು. ಆಗ ಊರಿನಲ್ಲಿ ಬೆಳಕಾಗಿದ್ದರೂ ಗುಡ್ಡದ ನೆತ್ತಿಯು ಇನ್ನೂ ಮೋಡದೊಳಗೆ ಇರುವದು.

ಇದರಲ್ಲಿ ಎರಡು ಮಾತುಗಳನ್ನು ಗಮನಿಸಬೇಕು. ಮಂಜನ್ನು ಚದರಿಸುವದು ನಮ್ಮ ಕೈಯ ಕೆಲಸವಲ್ಲ. ಕೂಗಿದರೂ ಕೋಲು ಬೀಸಿದರೂ ಅದು ಹೋಗದು. ಅದನ್ನು ಚದರಿಸತಕ್ಕ ಸೂರ್ಯನಾದರೋ, ನಮಗೆ ಕಾಣದೆ ಇದ್ದರೂ, ಆಗಲೇ ಮೂಡಿ ತನ್ನ ಕೆಲಸವನ್ನು ನಡಿಸುತ್ತಿದ್ದಾನೆ.

2. ಗುಡ್ಡದ ಮೇಲೆ ಕಾಯುವ ಕ್ರಮ

ಕಾಯುವದಕ್ಕೂ ಒಂದು ಕ್ರಮವಿದೆ. ಎಲ್ಲರೂ ಒಂದೇ ಸ್ಥಳದಲ್ಲಿ, ಕಾಲುಹಾದಿಯನ್ನು ಬಿಡದೆ, ಕೂತುಕೊಳ್ಳತಕ್ಕದ್ದು. ತಲೆಗಳನ್ನು ಎಣಿಸತಕ್ಕದ್ದು. ಹಳೇ ಕೋಟೆಯ ಗೋಡೆಗಳ ಅಂಚಿಗೂ ಇಳುಕಲಿಗೂ ಯಾರನ್ನೂ ಬಿಡಬಾರದು. ಇಬ್ಬನಿಯಿಂದ ಒದ್ದೆಯಾದ ಕಲ್ಲಿನ ಮೇಲೆ ಬರಿಗಾಲೂ ಜಾರುವದು. ಬೆವತ ಮೈಗೆ ಚಳಿ ಹತ್ತದಂತೆ ಕಂಬಳಿ ಹೊದ್ದು, ಚಿಕ್ಕವರನ್ನು ನಡುವೆ ಕೂಡಿಸಬೇಕು. ಕೆಳಗೆ ಕಲ್ಲು ಉರುಳಿಸಬಾರದು, ಯಾಕಂದರೆ ಹಿಂದೆ ಬರುವವರು ಕಾಣುವದಿಲ್ಲ. ಒಂದು ಕ್ಷಣ ಮಂಜು ತೆಳ್ಳಗಾದದ್ದನ್ನು ಕಂಡು ಓಡಬಾರದು. ಮುಂದಿನ ಹಾದಿಯೂ ಹಿಂದಿನ ಹಾದಿಯೂ ಚೆನ್ನಾಗಿ ಕಂಡ ಮೇಲೆಯೇ ಏಳಬೇಕು. ಹೊತ್ತು ಬಹಳ ಏರಿದರೂ ನೆತ್ತಿಯು ತೆರೆಯದಿದ್ದರೆ, ಬಂದ ಹಾದಿಯನ್ನೇ ಹಿಡಿದು ಇಳಿಯುವದರಲ್ಲಿ ನಾಚಿಕೆ ಏನೂ ಇಲ್ಲ.

3. ದೇವಜನರು ಕಾದ ವಿಧ

ಇಸ್ರಾಯೇಲ್ಯರ ಅರಣ್ಯಪ್ರಯಾಣವನ್ನು ಓದುವಾಗ ನಾವು ಅವರ ನಡಿಗೆಯನ್ನೇ ಎಣಿಸುತ್ತೇವೆ. ನಮ್ಮ ಪಾಠಭಾಗವಾದರೋ ಅವರ ನಿಲ್ಲುವಿಕೆಯನ್ನೂ ಎಣಿಸುತ್ತದೆ. ಮೇಘವು ಗುಡಾರದ ಮೇಲೆ ಇದ್ದಷ್ಟು ಕಾಲ ಅವರು ಇಳುಕೊಂಡಿದ್ದರು. ಒಮ್ಮೆ ಸಂಜೆಯಿಂದ ಮುಂಜಾನೆಯ ವರೆಗೆ ಮಾತ್ರ. ಒಮ್ಮೆ ಎರಡು ದಿನ. ಒಮ್ಮೆ ಒಂದು ತಿಂಗಳು. ಒಮ್ಮೆ ಅದಕ್ಕಿಂತಲೂ ಹೆಚ್ಚು. ಎಷ್ಟು ದಿನವೆಂದು ಅವರಿಗೆ ಮುಂಚಿತವಾಗಿ ತಿಳಿಸಲ್ಪಡಲಿಲ್ಲ. ಆದರೆ ನಿಂತದ್ದೂ ಹೊರಟದ್ದೂ ಎರಡೂ ಕರ್ತನ ಅಪ್ಪಣೆಯ ಪ್ರಕಾರವೇ ಎಂದು ಬರೆಯಲ್ಪಟ್ಟಿದೆ. ಆದ್ದರಿಂದ ನಿಂತ ದಿವಸಗಳು ವ್ಯರ್ಥವಾದ ದಿವಸಗಳಲ್ಲ. ಅವೂ ಪ್ರಯಾಣದ ಪಾಲೇ.

ಮೋಶೆಯ ವಿಷಯವೂ ಹಾಗೆಯೇ. ಸೀನಾಯಿಬೆಟ್ಟವನ್ನು ಮೇಘವು ಆರು ದಿನ ಮುಚ್ಚಿತ್ತು. ಏಳನೆಯ ದಿನದಲ್ಲಿ ದೇವರು ಅವನನ್ನು ಕರೆದನು. ಆ ಆರು ದಿನ ಮೋಶೆಯು ಏನು ಮಾಡಿದನೆಂದು ಗ್ರಂಥವು ಹೇಳುವದಿಲ್ಲ. ಅವನು ಕಾದನು, ಅಷ್ಟೇ.

4. ಕಾಯಲಾರದವರ ಗತಿ

ಅದೇ ಬೆಟ್ಟದ ಬುಡದಲ್ಲಿದ್ದ ಜನರು ಕಾಯಲಾರದೆ ಬಸವನನ್ನು ಎರಕಹೊಯ್ದರು. ಸೌಲನು ಗಿಲ್ಗಾಲಿನಲ್ಲಿ ಏಳು ದಿನ ಕಾದನು. ಸೈನ್ಯವು ಚದರುವದನ್ನು ಕಂಡು ಹೆದರಿ ತಾನೇ ಯಜ್ಞ ಮಾಡಿದನು. ಅದು ಮುಗಿಯುತ್ತಲೇ ಸಮುವೇಲನು ಬಂದನು. ಏಳು ದಿನ ಕಾದವನು ಕಡೇ ಗಳಿಗೆಯಲ್ಲಿ ರಾಜ್ಯವನ್ನು ಕಳಕೊಂಡನು.

ಪೌಲನು ಹತ್ತಿದ ಹಡಗಿನ ಸಂಗತಿಯನ್ನು ಕೂಡ ನೋಡಿರಿ. ಚಳಿಗಾಲ ಹತ್ತಿರವಾಗಿತ್ತು, ಚಂದರೇವುಗಳಿಂದ ಮುಂದೆ ಹೋಗುವದು ಅಪಾಯವೆಂದು ಪೌಲನು ಎಚ್ಚರಿಸಿದನು. ಶತಾಧಿಪತಿಯು ನಾವಿಕನ ಮಾತನ್ನೂ ಹಡಗಿನ ಯಜಮಾನನ ಮಾತನ್ನೂ ಹೆಚ್ಚಾಗಿ ನಂಬಿದನು. ತೆಂಕಣಗಾಳಿ ಮೆಲ್ಲಗೆ ಬೀಸಿದ್ದನ್ನು ಕಂಡು ಹೊರಟರು. ಆಮೇಲೆ ಅನೇಕ ದಿನ ಸೂರ್ಯನಾಗಲಿ ನಕ್ಷತ್ರಗಳಾಗಲಿ ಕಾಣಲಿಲ್ಲ. ದೇವರ ಕೃಪೆಯಿಂದ 276 ಮಂದಿಯ ಪ್ರಾಣವೂ ಉಳಿಯಿತು, ಹಡಗಾದರೋ ಒಡೆದುಹೋಯಿತು. ಮಂಜು ಒಂದು ಕ್ಷಣ ತೆಳ್ಳಗಾಗುವದು ಆ ತೆಂಕಣಗಾಳಿಯ ಹಾಗೆ; ಅದನ್ನು ನಂಬಿ ಹೊರಡಬಾರದು.

5. ಕಾಯುವದೂ ಮೈಗಳ್ಳತನವೂ ಒಂದೇ ಅಲ್ಲ

1953ನೇ ಇಸವಿಯಲ್ಲಿ ಹಿಲರಿ, ತೇನ್‌ಸಿಂಗ್ ಎಂಬಿಬ್ಬರು ಎವರೆಸ್ಟ್ ಶಿಖರವನ್ನು ಹತ್ತಿದ ಸಂಗತಿಯನ್ನು ಮಕ್ಕಳು ಶಾಲೆಯಲ್ಲಿ ಓದುತ್ತಾರೆ. ಮೇ 27ರಲ್ಲಿ, ಸುಮಾರು 26,000 ಅಡಿ ಎತ್ತರದಲ್ಲಿ, ದೊಡ್ಡ ಗಾಳಿಯ ದೆಸೆಯಿಂದ ಅವರು ಡೇರೆಯಲ್ಲಿಯೇ ನಿಲ್ಲಬೇಕಾಯಿತು. ಅಷ್ಟು ಎತ್ತರದಲ್ಲಿ ಸುಮ್ಮನೆ ಮಲಗಿದ್ದರೂ ದೇಹದ ಬಲ ಕುಂದುವದು. ಹೀಗೆ ಕಾಯುವದಕ್ಕೂ ಬೆಲೆ ಕೊಡಬೇಕಾಯಿತು. ಗಾಳಿ ತಗ್ಗಿದ ಮೇಲೆ 28ರಲ್ಲಿ ಹೊರಟು, 29ರಲ್ಲಿ ಶಿಖರವನ್ನು ಮುಟ್ಟಿದರು. ಕಾದದ್ದೂ ಎದ್ದದ್ದೂ ಎರಡೂ ಬೇಕಾಗಿದ್ದವು.

ಇಸ್ರಾಯೇಲ್ಯರೂ ಮೇಘವು ಎದ್ದರೆ, ಹಗಲಾಗಲಿ ರಾತ್ರಿಯಾಗಲಿ, ಹೊರಡುತ್ತಿದ್ದರು. ಮೇಘ ಎದ್ದ ಮೇಲೆಯೂ ಕಂಬಳಿಯೊಳಗೆ ಮಲಗಿರುವವನು ಕಾಯುವವನಲ್ಲ. ಇದಲ್ಲದೆ ಕೆಲವು ಕಾರ್ಯಗಳಲ್ಲಿ ಕಾಯುವದೇ ಪಾಪವಾಗಿದೆ. ಕೂಲಿಯವನ ಕೂಲಿಯನ್ನು ಮರುದಿನದ ವರೆಗೆ ಇಟ್ಟುಕೊಳ್ಳಬಾರದು (ಯಾಜಕಕಾಂಡ 19:13). ಸಿಟ್ಟನ್ನು ಹೊತ್ತು ಮುಳುಗುವದರೊಳಗೆ ಬಿಡಬೇಕು (ಎಫೆಸ 4:26). ಮಗುವಿಗೆ ಜ್ವರ ಬಂದರೆ ಪ್ರಾರ್ಥನೆಯ ಸಂಗಡಲೇ ಆಸ್ಪತ್ರೆಗೆ ಹೊರಡಬೇಕು. ಈ ಹಾದಿಗಳ ಮೇಲೆ ಮಂಜಿಲ್ಲ.

6. ನಮ್ಮ ಮನೆಗಳ ಸಂಗತಿ

ನಾವು ಬಲ್ಲ ಒಂದು ಮನೆಯಲ್ಲಿ ತಂದೆಯು ತೀರಿಕೊಂಡ ತಿಂಗಳಲ್ಲಿಯೇ ಅಣ್ಣತಮ್ಮಂದಿರಿಗೆ ಬಾಂದಿನ ವಿಷಯವಾಗಿ ಜಗಳವಾಯಿತು. ಕಿರಿಯವನು ಸಿಟ್ಟಿನಿಂದ ತನ್ನ ಪಾಲನ್ನು ಆ ವಾರದಲ್ಲಿಯೇ ಸಾವಕಾರನಿಗೆ ಮಾರಿ ಪಟ್ಟಣ ಸೇರುವೆನೆಂದನು. ಸಭೆಯ ಹಿರಿಯರೊಬ್ಬರು ಅವನ ಮನೆಯ ಕಟ್ಟೆಯ ಮೇಲೆ ಕೂತು, "ತಮ್ಮಾ, ಸುಗ್ಗಿ ತನಕ ಕಾಗದಕ್ಕ ಸಹಿ ಹಾಕಬ್ಯಾಡ. ಹೊಲ ಎಲ್ಲಿಗೂ ಓಡಿ ಹೋಗೂದಿಲ್ಲ" ಎಂದರು. ಅವನು ಮನಸ್ಸಿಲ್ಲದೆ ಒಪ್ಪಿದನು. ಆ ನಾಲ್ಕು ತಿಂಗಳು ತಾಯಿಯು ಇಬ್ಬರಿಗೂ ಒಂದೇ ಒಲೆಯ ರೊಟ್ಟಿ ಬಡಿಸಿದಳು. ಸುಗ್ಗಿಯಾದ ಮೇಲೆ ಪಾಲಾಯಿತು, ಆದರೆ ಹೊಲ ಮಾರಲಿಲ್ಲ. ಈಗಲೂ ಅವರಿಬ್ಬರಲ್ಲಿ ಮಾತು ಕಡಿಮೆ. ಆದರೂ ಕರ್ತನ ಭೋಜನಕ್ಕೆ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ, ಅವರ ಮಕ್ಕಳು ಅದೇ ಹೊಲದ ಅನ್ನ ಉಣ್ಣುತ್ತಾರೆ.

ಸಹೋದರರೇ, ಸಾಲದ ಕಾಗದ, ಮಗಳ ಮದುವೆ, ಸಭೆಯನ್ನು ಬಿಟ್ಟುಹೋಗುವ ಯೋಚನೆ ಇಂಥವು ನಿಮ್ಮ ಮುಂದೆ ಇರುವಾಗ ಹಾದಿಯು ಕಾಣದಿದ್ದರೆ, ಕೂತುಕೊಳ್ಳಿರಿ. ಒಂಟಿಯಾಗಿ ಕೂಡಬೇಡಿರಿ, ನಿಮ್ಮವರ ಸಂಗಡ ಕೂಡಿರಿ. ಅಷ್ಟರಲ್ಲಿ ಎರಡು ಹೆಜ್ಜೆಯ ನೆಲ ಕಾಣುತ್ತದಲ್ಲಾ, ಅಲ್ಲಿರುವ ಕೆಲಸವನ್ನು ಮಾಡಿರಿ: ದನಕ್ಕೆ ಮೇವು ಹಾಕಿರಿ, ಮಕ್ಕಳನ್ನು ಶಾಲೆಗೆ ಕಳುಹಿಸಿರಿ, ಮನೆಪ್ರಾರ್ಥನೆಯನ್ನು ತಪ್ಪಿಸಬೇಡಿರಿ. ಮೇಘವು ಎದ್ದಾಗ ಕರ್ತನು ನಿಮ್ಮನ್ನು ಸಿದ್ಧರಾಗಿ ಕಾಣಲಿ.

ಮನೆಯಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು

1. ಮೇಘವು ಎಷ್ಟು ಕಾಲ ನಿಲ್ಲುವದೆಂದು ದೇವರು ಇಸ್ರಾಯೇಲ್ಯರಿಗೆ ಮುಂಚಿತವಾಗಿ ಯಾಕೆ ತಿಳಿಸಲಿಲ್ಲ?
2. ಸೌಲನು ಏಳು ದಿನ ಕಾದರೂ ಅವನ ಕಾಯುವಿಕೆ ಯಾಕೆ ಸಾಲದಾಯಿತು?
3. ಈ ವರುಷ ನಮ್ಮ ಮನೆಯಲ್ಲಿ ಕಾಯತಕ್ಕ ಕಾರ್ಯ ಯಾವದು? ಈ ಹೊತ್ತೇ ಮಾಡತಕ್ಕ ಕಾರ್ಯ ಯಾವದು?