ಕಣ್ಣಿಗೆ ಕಾಣದ ಚಲನೆ

ಕಲಬುರಗಿ ಜಿಲ್ಲೆಯ ಆಳಂದ ತಾಲ್ಲೂಕಿನ ಮಟಕಿ ಕಪ್ಪುಮಣ್ಣಿನ ಸೀಮೆಗೆ ಸೇರಿದ ಊರು. ಮುಂಗಾರಿನಲ್ಲಿ ಬಿತ್ತಿದ ತೊಗರಿ ಈ ಸೀಮೆಯಲ್ಲಿ ಕೊಯ್ಲಿಗೆ ಬರಲು ಐದಾರು ತಿಂಗಳು ಬೇಕು. ದಿನವೂ ಹೊಲಕ್ಕೆ ಹೋಗುವ ರೈತನು ಗಿಡ ಬೆಳೆದುದನ್ನು ಕಾಣುತ್ತಾನೆಯೇ ಹೊರತು ಬೆಳೆಯುತ್ತಿರುವುದನ್ನು ಕಾಣಲಾರನು. ಅಷ್ಟು ನಿಧಾನವಾದ ಚಲನೆಯನ್ನು ಗ್ರಹಿಸುವ ಶಕ್ತಿ ಮನುಷ್ಯನ ಕಣ್ಣಿಗಿಲ್ಲ. ಈ ಕೊರತೆಯನ್ನು ನೀಗಿಸುವ ಉಪಾಯವೇ ಟೈಮ್‌ಲ್ಯಾಪ್ಸ್ ಚಿತ್ರೀಕರಣ.

ಚಲನಚಿತ್ರವೆಂಬುದು ವಾಸ್ತವವಾಗಿ ಸ್ಥಿರಚಿತ್ರಗಳ ಸಾಲು. ಸಾಮಾನ್ಯವಾಗಿ ಸೆಕೆಂಡಿಗೆ 24 ಚಿತ್ರಗಳನ್ನು ತೆಗೆದು, ಅದೇ ವೇಗದಲ್ಲಿ ತೆರೆಯ ಮೇಲೆ ತೋರಿಸುತ್ತಾರೆ. ತೋರಿಸುವ ವೇಗವನ್ನು ಹಾಗೆಯೇ ಉಳಿಸಿಕೊಂಡು, ತೆಗೆಯುವ ವೇಗವನ್ನು ಮಾತ್ರ ತಗ್ಗಿಸಿದರೆ, ನಿಧಾನವಾದ ಕ್ರಿಯೆ ಶೀಘ್ರವಾಗಿ ನಡೆದಂತೆ ತೋರುತ್ತದೆ.

ತೊಗರಿ ಹೊಲದ ಬದುವಿನಲ್ಲಿ ಕ್ಯಾಮೆರಾವನ್ನು ಅಲುಗದಂತೆ ನಿಲ್ಲಿಸಿ, ಹಗಲಿನ ಹನ್ನೆರಡು ಗಂಟೆಗಳಲ್ಲಿ ಅರ್ಧ ಗಂಟೆಗೊಂದರಂತೆ ದಿನಕ್ಕೆ 24 ಚಿತ್ರಗಳನ್ನು ತೆಗೆದರೆಂದು ಭಾವಿಸೋಣ. 160 ದಿನಗಳಲ್ಲಿ 3,840 ಚಿತ್ರಗಳಾಗುತ್ತವೆ. ಅವು ತೆರೆಯ ಮೇಲೆ ಓಡಿ ಮುಗಿಯಲು 160 ಸೆಕೆಂಡುಗಳು ಸಾಕು. ಒಂದು ದಿನ ಒಂದು ಸೆಕೆಂಡಾಗುತ್ತದೆ. ಮೊಳಕೆ ನೆಲವನ್ನು ಸೀಳಿಕೊಂಡು ಮೇಲೇಳುತ್ತದೆ. ಗಿಡ ಕವಲೊಡೆದು, ಹಳದಿ ಹೂ ತಳೆದು, ಕಾಯಿ ಕಟ್ಟುತ್ತದೆ. ನೆಟೆ ರೋಗ ತಗುಲಿದ ಗಿಡವಿದ್ದರೆ, ಅದರ ಎಲೆಗಳು ಹಳದಿಯಾಗಿ, ಬಾಡಿ, ಒಣಗುವ ಕ್ರಮವೂ ಕಣ್ಣಿಗೆ ಕಟ್ಟುತ್ತದೆ.

ಜರ್ಮನಿಯ ಸಸ್ಯವಿಜ್ಞಾನಿ ವಿಲ್ಹೆಲ್ಮ್ ಫೆಫರ್ 1898ರಿಂದ 1900ರ ಅವಧಿಯಲ್ಲಿಯೇ ಈ ವಿಧಾನದಿಂದ ಸಸ್ಯಗಳ ಚಲನೆಯನ್ನು ಚಿತ್ರೀಕರಿಸಿದ್ದನು. ಇದೇ ತತ್ತ್ವ ಆಕಾಶಕಾಯಗಳ ಅಧ್ಯಯನಕ್ಕೂ ಒದಗುತ್ತದೆ. ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಗೆ ಸೇರಿದ ಕೊಡೈಕನಾಲ್ ವೀಕ್ಷಣಾಲಯದಲ್ಲಿ 1904ರಿಂದ ಸೂರ್ಯನ ಚಿತ್ರಗಳನ್ನು ತೆಗೆಯುತ್ತ ಬಂದಿದ್ದಾರೆ. ಅವುಗಳನ್ನು ಕ್ರಮವಾಗಿ ಜೋಡಿಸಿ ಓಡಿಸಿದರೆ, ಸೂರ್ಯಕಲೆಗಳು ಸುಮಾರು 11 ವರ್ಷಗಳ ಆವರ್ತದಲ್ಲಿ ಹೆಚ್ಚಿ ತಗ್ಗುವುದನ್ನು ಕೆಲವೇ ನಿಮಿಷಗಳಲ್ಲಿ ನೋಡಬಹುದು. ಒಬ್ಬನ ಆಯುಷ್ಯದಲ್ಲಿ ಮುಗಿಯದ ವೀಕ್ಷಣೆಯನ್ನು ತಲೆಮಾರುಗಳು ಕೂಡಿ ನಡೆಸಿದ ಫಲವಿದು.

ಈ ವಿಧಾನಕ್ಕೆ ಮಿತಿಯೂ ಉಂಟು. ಎರಡು ಚಿತ್ರಗಳ ನಡುವಣ ಅರ್ಧ ಗಂಟೆಯಲ್ಲಿ ಮಳೆ ಸುರಿದು ನಿಂತರೆ, ಅದು ಸುರಿಯುವ ದೃಶ್ಯ ಚಿತ್ರದಲ್ಲಿ ಬಾರದು. ಆದುದರಿಂದ ಕ್ರಿಯೆಯ ಗತಿಯನ್ನು ಅರಿತು ಅಂತರವನ್ನು ಗೊತ್ತುಪಡಿಸಬೇಕು. ತೇಲುವ ಮೋಡಕ್ಕೆ ಕೆಲವು ಸೆಕೆಂಡುಗಳ ಅಂತರ ಸಾಕು. ಅರಳುವ ಮೊಗ್ಗಿಗೆ ನಿಮಿಷಗಳ ಅಂತರ ಬೇಕು.

ತೆರೆಯ ಮೇಲೆ ಬೆಳೆ ಎಷ್ಟೇ ಬೇಗ ಬಂದರೂ, ಹೊಲದಲ್ಲಿ ಅದು ತನ್ನ ಕಾಲವನ್ನು ತೆಗೆದುಕೊಂಡೇ ಬರುತ್ತದೆ. ಕಳೆ ತೆಗೆದ ದಿನಗಳೂ ಮಳೆಗಾಗಿ ಮುಗಿಲು ನೋಡಿದ ದಿನಗಳೂ ಆ 160 ಸೆಕೆಂಡುಗಳಲ್ಲಿ ಅಡಗಿವೆ. ಚಿತ್ರವನ್ನು ನೋಡುವವನು ಆ ದಿನಗಳನ್ನು ಮರೆಯಬಾರದು.